ಕ್ರಿಯಾಟಿನಿನ್ ಏರಿತು ಅಂತ ಲಾಸಿಕ್ಸ್ ನಿಲ್ಲಿಸಬಹುದಾ?

ಈ ತಿಂಗಳು ಬಂದ ಪತ್ರಗಳಲ್ಲಿ ಹಾರ್ಟ್ ಫೇಲ್ಯೂರ್, ಅಂದರೆ ಹೃದಯದ ಪಂಪಿಂಗ್ ಸಾಲದೆ ಮೈಯಲ್ಲಿ ನೀರು ನಿಲ್ಲುವ ಕಾಯಿಲೆಯ ಬಗ್ಗೆಯೇ ಜಾಸ್ತಿ ಇದ್ದವು. ಅದರಲ್ಲೂ ಒಂದೇ ಭಯ ಬೇರೆ ಬೇರೆ ಊರಿನಿಂದ ಬಂದಿದೆ: ನಿಂತ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಲಾಸಿಕ್ಸ್ ಔಷಧಿ ಕೊಟ್ಟಮೇಲೆ, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತಿಳಿಸುವ ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ಏರಿತು, ಕಿಡ್ನಿ ಕೆಟ್ಟಿತಾ ಅಂತ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಹದಿನೈದು ವರ್ಷದಿಂದ ಶುಗರ್ ಇದೆ, ನಾಲ್ಕು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಎಕೋ ಸ್ಕ್ಯಾನಿನಲ್ಲಿ ಹೃದಯದ ಪಂಪಿಂಗ್ ನೂರಕ್ಕೆ 30 ಮಾತ್ರ ಅಂತ ಬಂದಿದೆ. ಕಳೆದ ತಿಂಗಳು ಕಾಲೆಲ್ಲ ಊದಿಕೊಂಡು, ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರು. ಅಡ್ಮಿಟ್ ಮಾಡಿದೆವು. ಐದು ದಿನ ಲಾಸಿಕ್ಸ್ ಇಂಜೆಕ್ಷನ್ ಕೊಟ್ಟರು. ತೂಕ 74 ಕೆಜಿಯಿಂದ 68ಕ್ಕೆ ಇಳಿಯಿತು. ಈಗ ಒಂದೇ ದಿಂಬು ಇಟ್ಟುಕೊಂಡು ಆರಾಮಾಗಿ ನಿದ್ದೆ ಮಾಡುತ್ತಾರೆ. ಆದರೆ ಸೇರಿದ ದಿನ 1.3 ಇದ್ದ ಕ್ರಿಯಾಟಿನಿನ್ ಮನೆಗೆ ಬರುವಾಗ 1.8 ಆಗಿತ್ತು. ಹಾರ್ಟ್ ಸರಿ ಮಾಡೋಕೆ ಹೋಗಿ ಕಿಡ್ನಿ ಕೆಡಿಸಿದರು ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಅಪ್ಪನೂ ಹೆದರಿ ನಾಲ್ಕು ದಿನದಿಂದ ಲಾಸಿಕ್ಸ್ ಮಾತ್ರೆ ಬಿಟ್ಟಿದ್ದಾರೆ. ಬಿಟ್ಟಿದ್ದು ಸರಿಯಾ ಡಾಕ್ಟರೇ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಸರಿಯಲ್ಲ. ಪತ್ರಿಕೆ ಅಚ್ಚಾಗಿ ಬರುವವರೆಗೆ ಕಾಯುವ ವಿಷಯ ಇದಲ್ಲ, ಅದಕ್ಕೇ ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿಸಿದ್ದು. ಅಷ್ಟರಲ್ಲಿ ಅಪ್ಪನ ತೂಕ ಎರಡೂವರೆ ಕೆಜಿ ಏರಿತ್ತು, ಸಂಜೆ ಕಾಲು ಮತ್ತೆ ಊದುತ್ತಿತ್ತು. ನಿಮ್ಮ ಡಾಕ್ಟರ್ ಹತ್ತಿರ ಹೋಗಿ ಮಾತ್ರೆ ಮತ್ತೆ ಶುರು ಮಾಡಿದಿರಿ, ಒಳ್ಳೆಯದಾಯಿತು. ಕಳೆದ ವಾರ ನೀವು ಕಳಿಸಿದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.5. ಮಾತ್ರೆ ತೆಗೆದುಕೊಳ್ಳುತ್ತಿರುವಾಗಲೇ ಇಳಿದಿದೆ. ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾಗದೆ ಮಾತ್ರೆ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು 1.8 ಅಲ್ಲ. 74 ರಿಂದ 68 ಅನ್ನೋದು, ಮತ್ತೆ ಆ ಒಂದು ದಿಂಬು. ಆರು ಕೆಜಿ ಅಂದರೆ ಹೆಚ್ಚುಕಡಿಮೆ ಆರು ಲೀಟರ್ ನೀರು. ಒಂದು ಕೊಡದ ಅರ್ಧದಷ್ಟು ನೀರನ್ನು ನಿಮ್ಮ ತಂದೆ ಮೈಯಲ್ಲಿ, ಶ್ವಾಸಕೋಶದಲ್ಲಿ ಹೊತ್ತುಕೊಂಡು ತಿರುಗುತ್ತಿದ್ದರು. ಅದು ಹೊರಗೆ ಹೋಗಿದೆ.

ಈಗ ಕಿಡ್ನಿಯ ಕಡೆ ಬರೋಣ. ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಭಾಗಕ್ಕೂ ಜಾಸ್ತಿ ಈ ಎರಡು ಸಣ್ಣ ಕಿಡ್ನಿಗಳಿಗೇ ಹೋಗುತ್ತದೆ. ಆರೋಗ್ಯವಂತರಲ್ಲಿ ಅವು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೂವರೆ ಎರಡು ಲೀಟರ್ ಬಿಟ್ಟು ಉಳಿದಿದ್ದನ್ನೆಲ್ಲ ರಕ್ತಕ್ಕೆ ವಾಪಸ್ ಕೊಡುತ್ತವೆ. ಹೃದಯ ಸೋತಾಗ ಕಿಡ್ನಿಗೆ ರಕ್ತ ಕಡಿಮೆ ಬರುತ್ತದೆ, ಅದಕ್ಕೇ ಕಿಡ್ನಿ ಕೆಡುತ್ತದೆ ಅಂತ ನಾವು ಡಾಕ್ಟರುಗಳೂ ಬಹಳ ಕಾಲ ಅಂದುಕೊಂಡಿದ್ದೆವು. ಅದು ಅರ್ಧ ಮಾತ್ರ ನಿಜ. ನೀವು ಕಾಲುವೆ ಬಯಲಿನವರು, ನಿಮಗೆ ಬೇಗ ತಿಳಿಯುತ್ತದೆ. ತೂಬಿನಿಂದ ನೀರು ಕಡಿಮೆ ಬಂದರೆ ಗದ್ದೆ ಒಣಗುತ್ತದೆ. ಆದರೆ ಬಸಿಗಾಲುವೆ ಕಟ್ಟಿಕೊಂಡರೆ? ನೀರು ನಿಂತು ಬೇರು ಕೊಳೆಯುತ್ತದೆ. ಹಾರ್ಟ್ ಫೇಲ್ಯೂರಿನಲ್ಲಿ ಕಿಡ್ನಿಗೆ ಆಗುವ ತೊಂದರೆ ಬಹಳ ಸಲ ಈ ಎರಡನೇ ಥರದ್ದು. ರಕ್ತ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿಯಲ್ಲಿ ಒತ್ತಡ ತುಂಬಿರುತ್ತದೆ, ಕಿಡ್ನಿ ಒಳಗೇ ಉಬ್ಬಿಕೊಂಡು ಸೋಸಲಾಗದೆ ಕೂರುತ್ತದೆ. 2009ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಐಸಿಯುನಲ್ಲಿದ್ದ 145 ರೋಗಿಗಳನ್ನು ನೋಡಿ ಇದನ್ನು ಚೆನ್ನಾಗಿ ತೋರಿಸಿದರು. ಕಿಡ್ನಿ ಕೆಟ್ಟವರಲ್ಲಿ ಎದ್ದು ಕಂಡದ್ದು ಹೃದಯದ ಪಂಪಿಂಗ್ ಕಡಿಮೆಯಾದದ್ದಲ್ಲ, ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ಅಭಿಧಮನಿಗಳಲ್ಲಿ ಒತ್ತಡ ಇಳಿಯದೇ ಉಳಿದದ್ದು.

ಅಂದಮೇಲೆ ನೀರು ತೆಗೆಯೋದು ಕಿಡ್ನಿಗೂ ಬೇಕಾದ ಚಿಕಿತ್ಸೆಯೇ, ಅಲ್ವಾ? ಹಾಗಾದರೆ ಕ್ರಿಯಾಟಿನಿನ್ ಯಾಕೆ ಏರಿತು ಅಂತ ಕೇಳುತ್ತೀರಿ.

ಲಾಸಿಕ್ಸ್ ಮೊದಲು ಖಾಲಿ ಮಾಡುವುದು ರಕ್ತನಾಳದ ಒಳಗಿನ ನೀರನ್ನು. ಕಾಲಿನಲ್ಲಿ, ಹೊಟ್ಟೆಯಲ್ಲಿ ನಿಂತಿರುವ ನೀರು ನಿಧಾನಕ್ಕೆ ಒಸರಿ ರಕ್ತಕ್ಕೆ ಬಂದು ಆ ಜಾಗ ತುಂಬಬೇಕು. ತೆಗೆಯುವ ವೇಗಕ್ಕೆ ಒಸರುವ ವೇಗ ಸಾಲದಿದ್ದಾಗ ನಾಲ್ಕು ದಿನ ರಕ್ತ ಸ್ವಲ್ಪ ಗಟ್ಟಿಯಾಗುತ್ತದೆ, ಕಿಡ್ನಿಯ ಜರಡಿಯ ಮೇಲೆ ಒತ್ತಡ ಇಳಿಯುತ್ತದೆ, ಸೋಸುವುದು ಕಡಿಮೆಯಾಗುತ್ತದೆ, ರಿಪೋರ್ಟಿನಲ್ಲಿ ನಂಬರ್ ಏರುತ್ತದೆ. ಕ್ರಿಯಾಟಿನಿನ್ ಅನ್ನೋದು ಮಾಂಸಖಂಡದಿಂದ ಬರುವ ಕಸ, ಅಷ್ಟೇ. ಅದು ಏರಿದರೆ ಸದ್ಯಕ್ಕೆ ಸೋಸುವುದು ಕಡಿಮೆಯಾಗಿದೆ ಅಂತ ಗೊತ್ತಾಗುತ್ತದೆ. ಕಿಡ್ನಿಯ ಜೀವಕೋಶ ಸತ್ತಿದೆಯಾ ಅಂತ ಅದು ಹೇಳುವುದಿಲ್ಲ. ಇನ್ನೊಂದು ವಿಷಯ ಇದೆ. ಮೈಯಲ್ಲಿ ಆರು ಲೀಟರ್ ಹೆಚ್ಚಿನ ನೀರು ಇದ್ದಾಗ ಎಲ್ಲವೂ ತೆಳುವಾಗಿರುತ್ತದೆ. ಸಾರಿಗೆ ನೀರು ಸುರಿದರೆ ಉಪ್ಪು ಕಡಿಮೆ ಅನಿಸಲ್ವಾ, ಹಾಗೆ. ಸೇರಿದ ದಿನದ ಆ 1.3 ಕೂಡ ಪೂರ್ತಿ ನಂಬುವ ನಂಬರ್ ಅಲ್ಲ.

ಇದು ನನ್ನ ಊಹೆ ಅಲ್ಲ. 2011ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ 308 ರೋಗಿಗಳ ಮೇಲೆ ಮಾಡಿದ ಡೋಸ್ ಎಂಬ ಅಧ್ಯಯನದ ಫಲಿತಾಂಶ ಬಂತು. ಒಂದು ಗುಂಪಿಗೆ ಮನೆಯಲ್ಲಿ ನುಂಗುತ್ತಿದ್ದಷ್ಟೇ ಲಾಸಿಕ್ಸ್, ಇನ್ನೊಂದಕ್ಕೆ ಅದರ ಎರಡೂವರೆ ಪಟ್ಟು. ಮೂರು ದಿನದಲ್ಲಿ ಕ್ರಿಯಾಟಿನಿನ್ 0.3ಕ್ಕಿಂತ ಜಾಸ್ತಿ ಏರಿದವರು ಕಡಿಮೆ ಡೋಸಿನವರಲ್ಲಿ ನೂರಕ್ಕೆ 14, ಜಾಸ್ತಿ ಡೋಸಿನವರಲ್ಲಿ 23. ಹೆದರಿಕೆ ಆಗುತ್ತದೆ. ಆದರೆ ಅದೇ ರೋಗಿಗಳನ್ನು 60 ದಿನ ಬಿಟ್ಟು ನೋಡಿದಾಗ ಎರಡೂ ಗುಂಪಿನ ಕಿಡ್ನಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಜಾಸ್ತಿ ಡೋಸಿನವರಿಗೆ ನೀರು ಚೆನ್ನಾಗಿ ಹೋಗಿತ್ತು, ತೂಕ ಜಾಸ್ತಿ ಇಳಿದಿತ್ತು. ಆಮೇಲೆ ಬೇರೆ ಸಂಶೋಧಕರು ಜೋರಾಗಿ ನೀರು ತೆಗೆಸಿಕೊಂಡವರ ಮೂತ್ರದಲ್ಲಿ, ಕಿಡ್ನಿಯ ಕೋಶಕ್ಕೆ ನಿಜವಾಗಿ ಗಾಯವಾದರೆ ಸೋರಿಬರುವ ವಸ್ತುಗಳನ್ನು ಹುಡುಕಿದರು. ಕ್ರಿಯಾಟಿನಿನ್ ಏರಿದವರಲ್ಲಿ ಅವು ಉಳಿದವರಿಗಿಂತ ಜಾಸ್ತಿ ಇರಲಿಲ್ಲ.

ನನ್ನ ಮನಸ್ಸು ಬದಲಾಯಿಸಿದ್ದು ಮಾತ್ರ 2012ರಲ್ಲಿ ಇಟಲಿಯಿಂದ ಬಂದ ಒಂದು ಲೇಖನ. 599 ರೋಗಿಗಳನ್ನು ಅವರು ಎರಡು ಪ್ರಶ್ನೆ ಕೇಳಿ ವಿಂಗಡಿಸಿದ್ದರು. ಕ್ರಿಯಾಟಿನಿನ್ ಏರಿತಾ? ಮನೆಗೆ ಹೋಗುವಾಗ ಮೈಯಲ್ಲಿ ನೀರು ಇನ್ನೂ ಉಳಿದಿತ್ತಾ? ಕ್ರಿಯಾಟಿನಿನ್ ಏರಿದರೂ ನೀರು ಪೂರ್ತಿ ಹೋಗಿದ್ದವರು, ಕ್ರಿಯಾಟಿನಿನ್ ಏರದವರಷ್ಟೇ ಚೆನ್ನಾಗಿದ್ದರು. ನೀರು ಉಳಿಸಿಕೊಂಡು ಮನೆಗೆ ಹೋದವರಿಗೆ ತೊಂದರೆ ಕಾದಿತ್ತು, ಎರಡೂ ಇದ್ದವರಿಗೆ ಎಲ್ಲಕ್ಕಿಂತ ಜಾಸ್ತಿ.

ಇದು ಗೊತ್ತಿಲ್ಲದ ಕಾಲದಲ್ಲಿ ನಾನೂ ತಪ್ಪು ಮಾಡಿದ್ದೇನೆ. ಒಬ್ಬ ಅಜ್ಜಿಗೆ ಮೂರನೇ ದಿನ ಕ್ರಿಯಾಟಿನಿನ್ 1.2 ಇದ್ದದ್ದು 1.6 ಆಯಿತು. ಕಾಲಿನಲ್ಲಿ ಬೆರಳು ಒತ್ತಿದರೆ ಇನ್ನೂ ಗುಳಿ ಬೀಳುತ್ತಿತ್ತು. ನಾನು ನಂಬರಿಗೆ ಹೆದರಿ ಲಾಸಿಕ್ಸ್ ನಿಲ್ಲಿಸಿದೆ, ಎರಡು ದಿನಕ್ಕೆ 1.3ಕ್ಕೆ ಇಳಿಯಿತು, ಸಮಾಧಾನದಿಂದ ಮನೆಗೆ ಕಳಿಸಿದೆ. ಹನ್ನೆರಡನೇ ದಿನ ನಡುರಾತ್ರಿ ನೊರೆ ಉಗುಳುತ್ತಾ ವಾಪಸ್ ಬಂದರು. ಐಸಿಯುನಲ್ಲಿ ಅವರ ಸೊಸೆ, ಬಿಡುಗಡೆ ದಿನವೂ ಕಾಲು ಊದಿತ್ತಲ್ಲ ಡಾಕ್ಟರೇ ಅಂತ ಮೆಲ್ಲಗೆ ಕೇಳಿದರು. ಅಜ್ಜಿ ಬದುಕಿದರು, ಆ ಪ್ರಶ್ನೆ ಮಾತ್ರ ಇವತ್ತಿಗೂ ನನ್ನ ಜೊತೆ ಇದೆ.

ಹಾಗಂತ ಕ್ರಿಯಾಟಿನಿನ್ ಏರಿದರೆ ಏನೂ ಪರವಾಗಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ನೀರು ಹೋಗದೆ ಕ್ರಿಯಾಟಿನಿನ್ ಮಾತ್ರ ಏರುತ್ತಿದ್ದರೆ ಅದು ಕೆಟ್ಟ ಸೂಚನೆ. ಬಿಪಿ ಬೀಳುತ್ತಿದೆ, ಕೈಕಾಲು ತಣ್ಣಗಿದೆ, ಮೂತ್ರ ಕಮ್ಮಿಯಾಗುತ್ತಿದೆ, ರೋಗಿ ಮಂಕಾಗಿ ತಡಬಡಿಸುತ್ತಾರೆ ಅಂದರೆ ಹೃದಯವೇ ರಕ್ತ ತಳ್ಳಲಾಗದೆ ಸೋಲುತ್ತಿದೆ, ಅದು ಐಸಿಯು ಕೆಲಸ. ಪೊಟ್ಯಾಸಿಯಂ 5.5 ದಾಟಿದರೂ ಅಂದೇ ಡಾಕ್ಟರನ್ನು ಕಾಣಬೇಕು. ಇದರ ಉಲ್ಟಾ ಕೂಡ ಆಗುತ್ತದೆ. ನೀರೆಲ್ಲ ಹೋದಮೇಲೂ ಅದೇ ಡೋಸ್ ಮುಂದುವರಿದರೆ ಮೈ ಒಣಗುತ್ತದೆ. ನಾಲಿಗೆ ಅಂಟುತ್ತದೆ, ಎದ್ದರೆ ತಲೆ ತಿರುಗುತ್ತದೆ, ತೂಕ ಇಳಿಯುತ್ತಲೇ ಹೋಗುತ್ತದೆ. ಆಗ ಡೋಸ್ ಕಡಿಮೆ ಮಾಡಬೇಕು. ಎಷ್ಟು ಅನ್ನೋದನ್ನು ನಿಮ್ಮ ಡಾಕ್ಟರ್ ಹೇಳಲಿ, ನೆಂಟರು ಬೇಡ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿಗೂ ಮೊದಲು, ಅದೇ ತೂಕದ ಮಶೀನಿನ ಮೇಲೆ ನಿಲ್ಲಿಸಿ. ಕ್ಯಾಲೆಂಡರಿನಲ್ಲೇ ಬರೆದಿಡಿ. ನೀರೆಲ್ಲ ಹೋದ ದಿನದ ತೂಕ, ನಿಮ್ಮ ತಂದೆಗೆ 68, ಅದನ್ನು ದೊಡ್ಡದಾಗಿ ಬರೆಯಿರಿ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಕಾಲು ಊದುವವರೆಗೆ ಕಾಯಬೇಡಿ, ಫೋನ್ ಮಾಡಿ. ಮನೆಗೆ ಬಂದ ಒಂದೆರಡು ವಾರದೊಳಗೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಮೂರನ್ನೂ ಒಂದು ಸಲ ನೋಡಿಸಬೇಕು. ಮಂಡಿ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ಪೂರ್ತಿ ಬಂದ್. ಕಿಡ್ನಿಯನ್ನು ನಿಜವಾಗಿ ಕೆಡಿಸುವುದು ಎಷ್ಟೋ ಮನೆಗಳಲ್ಲಿ ಇವೇ, ಬೈಗುಳ ಮಾತ್ರ ಲಾಸಿಕ್ಸಿಗೆ.

ಪ್ರಶ್ನೆ: ನಮ್ಮ ಅತ್ತೆಗೆ ಮೊದಲೇ ಕ್ರಿಯಾಟಿನಿನ್ 2.2 ಇತ್ತು. ಆಸ್ಪತ್ರೆಯಲ್ಲಿ ಲಾಸಿಕ್ಸ್ ಇಂಜೆಕ್ಷನ್ ಕೊಟ್ಟರೂ ಮೂತ್ರ ಸರಿಯಾಗಿ ಬರಲಿಲ್ಲ ಅಂತ ಡೋಸ್ ಡಬಲ್ ಮಾಡಿದರು, ಆಮೇಲೆ ಇನ್ನೊಂದು ಮಾತ್ರೆಯನ್ನೂ ಸೇರಿಸಿದರು. ಕಿಡ್ನಿ ವೀಕ್ ಇದ್ದವರಿಗೆ ಕಡಿಮೆ ಕೊಡಬೇಕಲ್ವಾ?
– ಓದುಗರು, ಶಿವಮೊಗ್ಗ

ಉತ್ತರ: ಬಹಳಷ್ಟು ಔಷಧಿಗೆ ನಿಮ್ಮ ಮಾತು ನಿಜ. ಲಾಸಿಕ್ಸಿಗೆ ಲೆಕ್ಕ ಉಲ್ಟಾ. ಅದು ರಕ್ತದಲ್ಲಿ ಇದ್ದುಕೊಂಡು ಕೆಲಸ ಮಾಡುವುದಿಲ್ಲ, ಕಿಡ್ನಿಯ ಸಣ್ಣ ಕೊಳವೆಯ ಒಳಗೆ ಇಳಿದು ಅಲ್ಲಿಂದ ಉಪ್ಪು ವಾಪಸ್ ಹೋಗುವ ಬಾಗಿಲನ್ನು ಮುಚ್ಚಬೇಕು. ಉಪ್ಪು ಹೊರಗೆ ಹೋದರೆ ನೀರು ಅದರ ಹಿಂದೆ ಹೋಗುತ್ತದೆ. ಕಿಡ್ನಿ ವೀಕ್ ಆದಷ್ಟೂ ಕೊಳವೆ ಒಳಗೆ ಇಳಿಯುವ ಔಷಧಿ ಕಮ್ಮಿ. ಒಂದು ಮಟ್ಟ ಮುಟ್ಟದಿದ್ದರೆ ಏನೂ ಆಗುವುದಿಲ್ಲ. ಅಂದರೆ 40 ಮಿ.ಗ್ರಾಂಗೆ ಮೂತ್ರ ಬರಲಿಲ್ಲ ಅಂತ ಅದೇ 40ನ್ನು ಮೂರು ಸಲ ಕೊಟ್ಟರೂ ಉಪಯೋಗವಿಲ್ಲ, ಒಂದೇ ಸಲ 80 ಕೊಡಬೇಕು. ಡಬಲ್ ಮಾಡುವುದು ಇದಕ್ಕೇ.

ಮನೆಯಲ್ಲಿ ಮಾತ್ರೆ ನುಂಗಿಯೂ ಊತ ಇಳಿಯದವರಿಗೆ ಆಸ್ಪತ್ರೆಯಲ್ಲಿ ಅದೇ ಔಷಧಿಯ ಇಂಜೆಕ್ಷನ್ ಯಾಕೆ ಅಂತಲೂ ಕೆಲವರು ಕೇಳುತ್ತಾರೆ. ಹೊಟ್ಟೆ, ಕರುಳು ಕೂಡ ನೀರು ತುಂಬಿ ಊದಿರುತ್ತವೆ, ಮಾತ್ರೆ ಬೇಗ ರಕ್ತಕ್ಕೆ ಸೇರುವುದಿಲ್ಲ.

ಯುರೋಪಿನ ಹೃದ್ರೋಗ ತಜ್ಞರ ಸಂಘ 2021ರಲ್ಲಿ ಕೊಟ್ಟ ಸೂಚನೆ ತುಂಬಾ ಉಪಯೋಗಕ್ಕೆ ಬರುತ್ತದೆ. ಇಂಜೆಕ್ಷನ್ ಕೊಟ್ಟ ಎರಡು ಗಂಟೆಗೆ ಮೂತ್ರದಲ್ಲಿ ಸೋಡಿಯಂ ಎಷ್ಟಿದೆ ನೋಡಿ, 50ರಿಂದ 70ಕ್ಕಿಂತ ಕಡಿಮೆ ಇದ್ದರೆ ಡೋಸ್ ಸಾಲುತ್ತಿಲ್ಲ. ಮೊದಲ ಆರು ಗಂಟೆ ಮೂತ್ರ ಗಂಟೆಗೆ 100–150 ಎಂಎಲ್ ಆದರೂ ಬರಬೇಕು. ಇಲ್ಲದಿದ್ದರೆ ಡಬಲ್ ಮಾಡಿ, ಆಮೇಲೂ ಬರದಿದ್ದರೆ ಕೊಳವೆಯ ಬೇರೆ ಜಾಗದಲ್ಲಿ ಕೆಲಸ ಮಾಡುವ ಇನ್ನೊಂದು ಔಷಧಿ ಸೇರಿಸಿ. ನಿಮ್ಮ ಅತ್ತೆಗೆ ಸೇರಿಸಿದ್ದು ಮೆಟೊಲಾಜೋನ್, ಚೀಟಿಯಲ್ಲಿ ಬರೆದಿದೆ. ಅದು ಜೋರಾದ ಔಷಧಿ, ಜೊತೆಗೆ ಕೊಡುವಾಗ ಸೋಡಿಯಂ ಪೊಟ್ಯಾಸಿಯಂ ದಿನಾ ನೋಡಬೇಕು. ಇನ್ನೂ ಒಂದು ದಾರಿ ಇದೆ. ಅಸೆಟಜೋಲಮೈಡ್ ಅನ್ನುವ ಹಳೆಯ ಔಷಧಿ. ಬೆಲ್ಜಿಯಂನಲ್ಲಿ 519 ರೋಗಿಗಳಲ್ಲಿ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದರು. ಲಾಸಿಕ್ಸ್ ಥರದ ಔಷಧಿಯ ಜೊತೆ ಅದನ್ನೂ ಕೊಟ್ಟಾಗ ಮೂರು ದಿನದಲ್ಲಿ ನೀರು ಪೂರ್ತಿ ಹೋದವರು ನೂರಕ್ಕೆ 42, ಕೊಡದವರಲ್ಲಿ 30ರ ಹತ್ತಿರ.

ಡಯಾಲಿಸಿಸ್ ಥರ ರಕ್ತ ಸೋಸುವ ಮಶೀನಿನಿಂದ ನೀರು ತೆಗೆದರೆ ಕಿಡ್ನಿಗೆ ತೊಂದರೆ ಇಲ್ಲವಲ್ಲ ಅಂತ ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ಕೇಳಿದರೆ ಹಾಗೇ ಅನಿಸುತ್ತದೆ. 2012ರಲ್ಲಿ 188 ರೋಗಿಗಳಲ್ಲಿ ಮಶೀನನ್ನೂ ಔಷಧಿಯನ್ನೂ ಹೋಲಿಸಿ ನೋಡಿದಾಗ ಮಶೀನಿನ ಗುಂಪಿನಲ್ಲೇ ಕ್ರಿಯಾಟಿನಿನ್ ಜಾಸ್ತಿ ಏರಿತು, ತೂಕ ಇಳಿದದ್ದು ಎರಡರಲ್ಲೂ ಒಂದೇ. ಔಷಧಿಗೆ ಬಗ್ಗದವರಿಗೆ ಮಾತ್ರ ಅದು.

ಪ್ರಶ್ನೆ: ಕಿಡ್ನಿ ಕ್ಲೀನ್ ಆಗಲಿ ಅಂತ ನಮ್ಮ ಯಜಮಾನರಿಗೆ ದಿನಾ ಬಾಳೆದಿಂಡಿನ ರಸ, ಎಳನೀರು ಕೊಡುತ್ತಿದ್ದೇನೆ. ಲಾಸಿಕ್ಸ್ ಜೊತೆ ಇನ್ನೂ ನಾಲ್ಕು ಹಾರ್ಟ್ ಮಾತ್ರೆ ಇವೆ. ಕೊಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಪ್ರೀತಿಯಿಂದ ಮಾಡುತ್ತಿದ್ದೀರಿ, ಆದರೆ ನಿಲ್ಲಿಸಿ. ಎರಡರಲ್ಲೂ ಪೊಟ್ಯಾಸಿಯಂ ಇದೆ. ನೀವು ಬರೆದ ಪಟ್ಟಿಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದೆ, ರಾಮಿಪ್ರಿಲ್ ಇದೆ, ಎರಡೂ ಪೊಟ್ಯಾಸಿಯಂ ಹಿಡಿದಿಡುವ ಔಷಧಿಗಳು. ಕ್ರಿಯಾಟಿನಿನ್ ಏರಿರುವಾಗ ಪೊಟ್ಯಾಸಿಯಂ ಸೇರಿಕೊಂಡರೆ ಹೃದಯದ ಬಡಿತವೇ ತಪ್ಪಬಹುದು. ಬಿಪಿ ಇರುವವರಿಗೆ ಒಳ್ಳೆಯದು ಅಂತ ಮಾರುವ ಸೋಡಿಯಂ ಕಡಿಮೆ ಇರುವ ಉಪ್ಪೂ ಬೇಡ, ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಹಾಕಿರುತ್ತಾರೆ. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಬಿಟ್ಟರೆ ಅರ್ಧ ಕೆಲಸ ಆದಂತೆ.

ಪ್ರಶ್ನೆ: ನಮ್ಮಲ್ಲಿ ಬೇಸಿಗೆ ಅಂದರೆ ನಿಮಗೆ ಗೊತ್ತು. ಮೇ ತಿಂಗಳಲ್ಲಿ ಅವ್ವಗೆ ಎರಡು ದಿನ ಭೇದಿ ಆಗಿ ಸುಸ್ತಾಗಿ ಬಿದ್ದರು. ಲಾಸಿಕ್ಸ್ ತಪ್ಪಿಸಬೇಡಿ ಅಂದಿದ್ದರು ಅಂತ ಕೊಟ್ಟೇ ಕೊಟ್ಟೆವು. ಕ್ರಿಯಾಟಿನಿನ್ 3 ದಾಟಿತು. ಎಲ್ಲಿ ತಪ್ಪಾಯಿತು?
– ಓದುಗರು, ಕಲಬುರಗಿ

ಉತ್ತರ: ನಿಮ್ಮ ತಪ್ಪಲ್ಲ. ಮಾತ್ರೆ ತಪ್ಪಿಸಬೇಡಿ ಅಂತ ಹೇಳಿದವರು, ಯಾವಾಗ ತಪ್ಪಿಸಬೇಕು ಅಂತಲೂ ಹೇಳಬೇಕಿತ್ತು. ಚನ್ನರಾಯಪಟ್ಟಣದವರ ತಂದೆಯದೂ ನಿಮ್ಮ ಅವ್ವನದೂ ರಿಪೋರ್ಟಿನಲ್ಲಿ ಒಂದೇ ಥರ ಕಾಣುತ್ತದೆ, ಕ್ರಿಯಾಟಿನಿನ್ ಏರಿದೆ ಅಂತ. ಒಳಗೆ ನಡೆದದ್ದು ಪೂರ್ತಿ ಬೇರೆ. ಅವರ ಮೈಯಲ್ಲಿ ನೀರು ಜಾಸ್ತಿ ಇತ್ತು, ತೆಗೆಯಬೇಕಿತ್ತು. ಅವ್ವನ ಮೈ ಬಿಸಿಲಿಗೆ, ಭೇದಿಗೆ ಒಣಗಿತ್ತು, ಅದರ ಮೇಲೆ ಲಾಸಿಕ್ಸ್ ಇನ್ನೂ ಹಿಂಡಿತು.

ವಾಂತಿ, ಭೇದಿ, ಜೋರು ಜ್ವರ, ಊಟ ನೀರು ಸೇರುತ್ತಿಲ್ಲ ಅಂದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ಲಾಸಿಕ್ಸ್, ರಾಮಿಪ್ರಿಲ್ ಥರದ್ದು, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ಇವನ್ನು ಒಂದೆರಡು ದಿನ ನಿಲ್ಲಿಸಲು ಹೇಳಬಹುದು. ಮತ್ತೆ ಯಾವ ದಿನ ಶುರು ಮಾಡಬೇಕು ಅಂತ ಆಗಲೇ ಕೇಳಿ ಬರೆದುಕೊಳ್ಳಿ. ನಿಲ್ಲಿಸಿದ್ದನ್ನು ಶುರು ಮಾಡಲು ಮರೆತು ತಿಂಗಳು ಬಿಟ್ಟು ಉಸಿರು ಕಟ್ಟಿ ಬರುವವರೂ ಇದ್ದಾರೆ. ಬೇಸಿಗೆಗೆ ಮೊದಲೇ ಒಮ್ಮೆ ಹೋಗಿ ಡೋಸ್ ಕೇಳಿಕೊಂಡು ಬನ್ನಿ. ಇನ್ನು ಸುಸ್ತಾಯಿತು ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಎರಡು ಬಾಟಲಿ ಗ್ಲುಕೋಸ್ ಏರಿಸಿಕೊಂಡು ಬರುವ ರೂಢಿ ನಮ್ಮ ಕಡೆ ಇದೆಯಲ್ಲ, ಅದನ್ನು ಹಾರ್ಟ್ ಫೇಲ್ಯೂರ್ ಇದ್ದವರಿಗೆ ಮಾಡಬೇಡಿ. ಅವ್ವನಂಥವರಿಗೆ ಡ್ರಿಪ್ ಬೇಕಾಗುತ್ತದೆ ನಿಜ, ಆದರೆ ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡಿ, ಸ್ವಲ್ಪ ಸ್ವಲ್ಪ ಕೊಡುವ ಜಾಗದಲ್ಲಿ.

ಪ್ರಶ್ನೆ: ನನಗೆ ಶುಗರ್ ಇಲ್ಲ. ಹಾರ್ಟ್ ಫೇಲ್ಯೂರ್ ಅಂತ ಅಡ್ಮಿಟ್ ಆಗಿದ್ದಾಗ ಡಾಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ಶುರು ಮಾಡಿದರು. ಎರಡು ವಾರಕ್ಕೆ ಕ್ರಿಯಾಟಿನಿನ್ 1.1 ರಿಂದ 1.3 ಆಯಿತು. ಲ್ಯಾಬಿನವರು ಇದು ಕಿಡ್ನಿಗೆ ಆಗಿಬರುತ್ತಿಲ್ಲ ಅಂದರು.
– ಓದುಗರು, ಮಂಗಳೂರು

ಉತ್ತರ: ಅದು ಹುಟ್ಟಿದ್ದು ಶುಗರ್ ಮಾತ್ರೆಯಾಗಿ. 2019ರಲ್ಲಿ 4,744 ಹಾರ್ಟ್ ಫೇಲ್ಯೂರ್ ರೋಗಿಗಳ ಅಧ್ಯಯನ ಬಂತು, ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಶುಗರೇ ಇರಲಿಲ್ಲ, ಆದರೂ ಅವರಿಗೂ ಅಷ್ಟೇ ಲಾಭ ಆಯಿತು. ಮೊದಲ ಕೆಲವು ವಾರ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ, ಯಾಕೆಂದರೆ ಜರಡಿಯ ಒಳಗೆ ಇರುವ ಅತಿಯಾದ ಒತ್ತಡವನ್ನು ಅದು ಇಳಿಸುತ್ತದೆ. ವರ್ಷಗಟ್ಟಲೆ ನೋಡಿದರೆ ಕಿಡ್ನಿಯನ್ನು ಕಾಪಾಡುವುದೂ ಅದೇ ಗುಣ. 0.2 ಏರಿಕೆಗೆ ನಿಲ್ಲಿಸುವ ಮಾತೇ ಇಲ್ಲ, ಮುಂದುವರಿಸಿ. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಆ ಜಾಗದಲ್ಲಿ ತುರಿಕೆ, ಫಂಗಸ್ ಆಗಬಹುದು, ಪ್ರತಿ ಸಲ ನೀರಿನಿಂದ ತೊಳೆದು ಒರೆಸಿಕೊಳ್ಳಿ. ಮುಂದಿನ ತಿಂಗಳು ಹರ್ನಿಯಾ ಆಪರೇಷನ್ ಇದೆ ಅಂತ ಬರೆದಿದ್ದೀರಲ್ಲ, ಈ ಮಾತ್ರೆಯನ್ನು ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಸರ್ಜನ್‌ಗೂ ಅರಿವಳಿಕೆ ಡಾಕ್ಟರಿಗೂ ನೀವೇ ನೆನಪು ಮಾಡಿ ಹೇಳಿ, ಶುಗರ್ ಇಲ್ಲದವರು ಅಂತ ಅವರು ಕೇಳದೇ ಇರಬಹುದು.